ದೂರದ ಬೇಟೆಗೆ ಯಾವ ತೋಟಾ? ಮೊದಲು ಗುಂಡು ನೋಡಿ, ಆಮೇಲೆ ಕೋವಿ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ಕೊಲರಾಡೊದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ರೈಫಲ್ ಸೀಸನ್ ಅಕ್ಟೋಬರ್ ನಡುವಿಗೆ ಶುರುವಾಗುತ್ತದೆ. ಅದಕ್ಕೆ ಎರಡು ತಿಂಗಳ ಮುಂಚೆ ಡೆನ್ವರ್ ಸುತ್ತಮುತ್ತಲಿನ ನಮ್ಮ ಹುಡುಗರಿಗೆ ಕೋವಿಯ ಹುಚ್ಚು ಹಿಡಿಯುತ್ತದೆ. ಹೋದ ಸಲ ಹಾಸನದ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಮೊದಲ ಸಲ ಲೈಸೆನ್ಸ್ ಮಾಡಿಸಿದ್ದ. "ಅಣ್ಣಾ, .338 ಲಾಪುವಾ ತಗೊಂಡುಬಿಡ್ಲಾ? ಸಾವಿರ ಗಜ ಹೊಡೆಯತ್ತಂತೆ." ಲಾಪುವಾ ಅಂದರೆ ಒಂದು ಭಾರೀ ತೋಟಾದ ಹೆಸರು.

"ಕೋವಿ ಹೊಡೆಯುತ್ತೆ ಮಾರಾಯ, ನೀನು ಹೊಡೀತೀಯಾ?" ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಕೂತು ಒಂದೂವರೆ ಗಂಟೆ ಮಾತಾಡಿದೆವು. ಆ ಮಾತನ್ನೇ ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಅಮೆರಿಕದ ಪಶ್ಚಿಮ ರಾಜ್ಯಗಳ ವಿಷಯ. ಅಲ್ಲಿ ಸರ್ಕಾರವೇ ಎಣಿಸಿ ಲೈಸೆನ್ಸ್ ಕೊಟ್ಟು ಬೇಟೆ ಆಡಿಸುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಕಥೆ. ನಾನು ಕೊಡಗಿನಲ್ಲಿ ಬೆಳೆದವನು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದದ್ದೇ ನನ್ನ ಮೊದಲ ಪಾಠ. ಕಾಯಿ ಒಡೆಯಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಪೇಪರ್‌ಗಳಲ್ಲಿ ಎಲ್ಲದಕ್ಕೂ 'ಗುಂಡು' ಅಂತಲೇ ಬರೆಯುತ್ತಾರೆ. ಇಲ್ಲಿ ತೋಟಾ ಅಂದರೆ ಹಿತ್ತಾಳೆ ಕೊಳವೆ, ಒಳಗಿನ ಮದ್ದು, ಹಿಂದಿನ ಕೇಪು, ತುದಿಯ ಗುಂಡು ಎಲ್ಲ ಸೇರಿದ್ದು. ಗುಂಡು ಅಂದರೆ ನಳಿಗೆಯಿಂದ ಹಾರಿಹೋಗುವ ತುದಿ ಮಾತ್ರ. ಜನ ತೋಟಾದ ಹೆಸರಿಗೆ ಮರುಳಾಗುತ್ತಾರೆ. ಪ್ರಾಣಿಯನ್ನು ಮುಟ್ಟುವುದು ಗುಂಡು. ಹಾಗಾಗಿ ನಾನು ತೋಟಾದ ಮಾತನ್ನು ಆಮೇಲೆ ಎತ್ತುತ್ತೇನೆ.

ಗುಂಡು: ಮೂರು ಜಾತಿ

ಎಲ್ಕ್ ಅಂದರೆ ನಮ್ಮ ಕಡವೆಗೆ ದೊಡ್ಡಪ್ಪನ ಮಗ ಅನ್ನಬಹುದು. ದೊಡ್ಡ ಗಂಡು 300 ಕಿಲೋ ದಾಟುತ್ತದೆ. ಭುಜದ ಮೂಳೆ ಗಟ್ಟಿ. ಅಂಥ ಪ್ರಾಣಿಯ ಎದೆಗೂಡಿಗೆ ಗುಂಡು ತಲುಪಬೇಕು, ತಲುಪಿ ಅರಳಬೇಕು, ಅರಳಿದ ಮೇಲೂ ಮುಂದೆ ಹೋಗಬೇಕು. ಈ ಮೂರೂ ಒಂದೇ ಗುಂಡಿನಲ್ಲಿ ಸಿಗುವುದು ಕಷ್ಟ. ಅದಕ್ಕೇ ಇಷ್ಟೊಂದು ಬಗೆ.

ಮೊದಲನೆಯದು ತಾಮ್ರದ ತೆಳು ಅಂಗಿ ತೊಟ್ಟ ಸೀಸದ ಗುಂಡು. ಹಳೇ ಕಾಲದಿಂದ ಇರುವಂಥದ್ದು, ಆದರೆ ಇವತ್ತಿನ ರೂಪ ಬೇರೆ. ಹಾರ್ನಡಿ ಕಂಪನಿಯ ಇಎಲ್‌ಡಿ-ಎಕ್ಸ್, ಬರ್ಗರ್‌ನ ವಿಎಲ್‌ಡಿ ಹಂಟಿಂಗ್ ಈ ಪೈಕಿ. ಉದ್ದ, ಸಪೂರ, ಚೂಪು ಮೂತಿ. ಗಾಳಿಯನ್ನು ಚೆನ್ನಾಗಿ ಸೀಳುತ್ತವೆ. ವೇಗ ಇಳಿದ ಮೇಲೂ, ಅಂದರೆ ಸೆಕೆಂಡಿಗೆ 1,600ರಿಂದ 1,800 ಅಡಿಯ ಹತ್ತಿರ ಬಂದಾಗಲೂ ಅರಳುತ್ತವೆ. ದೂರಕ್ಕೆ ಇದೇ ಬೇಕು.

ಇದರ ಕೆಟ್ಟ ಗುಣ ಹತ್ತಿರದಲ್ಲಿ ಗೊತ್ತಾಗುತ್ತದೆ. 500 ಗಜಕ್ಕೆ ಅಂತ ತಯಾರಾಗಿ ಹೋಗಿರುತ್ತೀರಿ. ಎಲ್ಕ್ 60 ಗಜದಲ್ಲಿ ಪೈನ್ ಮರಗಳ ಸಂದಿಯಿಂದ ಎದ್ದು ನಿಲ್ಲುತ್ತದೆ. ಆಗ ಗುಂಡು ಪೂರ್ತಿ ವೇಗದಲ್ಲಿ ಭುಜದ ಮೂಳೆಗೆ ಬಡಿಯುತ್ತದೆ. ಮೆದು ಗುಂಡಾದರೆ ಅಲ್ಲೇ ಚೂರುಚೂರು. ಮಾಂಸ ಹಾಳು, ಎದೆಗೂಡಿಗೆ ತಲುಪುವುದು ಅರ್ಧ.

ಈ ಇಎಲ್‌ಡಿ-ಎಕ್ಸ್ ಹುಟ್ಟಿದ ಕಥೆ ನನಗೆ ಇಷ್ಟ. ಚೂಪು ಮೂತಿಗೆ ಪ್ಲಾಸ್ಟಿಕ್ ತುದಿ ಇಡುವುದು ಮೊದಲಿನಿಂದ ಇತ್ತು. ಹಾರ್ನಡಿಯವರು ಡಾಪ್ಲರ್ ರೇಡಾರ್ ಇಟ್ಟು ಗುಂಡು ಹಾರುವುದನ್ನು ಉದ್ದಕ್ಕೂ ಅಳೆದರು. ದೂರ ಹೋದಂತೆ ಗುಂಡು ಲೆಕ್ಕಕ್ಕಿಂತ ಜಾಸ್ತಿ ನಿಧಾನವಾಗುತ್ತಿತ್ತು. ಕಾರಣ ಏನು ಅಂದರೆ, ಗಾಳಿಯ ಉಜ್ಜಾಟದ ಬಿಸಿಗೆ ಪ್ಲಾಸ್ಟಿಕ್ ತುದಿ ಹಾರುತ್ತಾ ಹಾರುತ್ತಾ ಕರಗಿ ಮೊಂಡಾಗುತ್ತಿತ್ತು! ಬಿಸಿ ತಡೆಯುವ ಬೇರೆ ತುದಿ ಹಾಕಿ 2015ರಲ್ಲಿ ಈ ಹೊಸ ಸಾಲನ್ನು ತಂದರು.

ಎರಡನೆಯದು ಒಡೆಯದಂತೆ ಕಟ್ಟಿದ ಗುಂಡು. ಇದಕ್ಕೂ ಕಥೆ ಇದೆ. 1946ರಲ್ಲಿ ಜಾನ್ ನಾಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಜಿಂಕೆಯ ಬೇಟೆಗೆ ಹೋಗಿದ್ದ. ಮೈತುಂಬ ಒಣಗಿದ ಕೆಸರು ಮೆತ್ತಿಕೊಂಡಿದ್ದ ಮೂಸ್. ಗುಂಡು ಒಳಗೆ ಇಳಿಯದೆ ಮೇಲೆಯೇ ಒಡೆದುಹೋಯಿತು. ಮನೆಗೆ ಬಂದು ಗುಂಡಿನ ಮಧ್ಯೆ ಒಂದು ತಾಮ್ರದ ಗೋಡೆ ಇಟ್ಟು ಎರಡು ಕೋಣೆ ಮಾಡಿದ. ಮುಂದಿನ ಕೋಣೆಯ ಸೀಸ ಅರಳುತ್ತದೆ, ಹಿಂದಿನದು ಇಡಿಯಾಗಿ ಮುಂದೆ ನುಗ್ಗುತ್ತದೆ. ಅದೇ ಪಾರ್ಟಿಷನ್. ಇವತ್ತಿಗೂ ಮಾರುತ್ತಾರೆ. ಆದರೆ ಮೂತಿ ಮೊಂಡು, ಗಾಳಿಗೆ ಬೇಗ ಸುಸ್ತಾಗುತ್ತದೆ. 300 ಗಜದ ಒಳಗೆ ಕಣ್ಣುಮುಚ್ಚಿ ನಂಬಬಹುದು. ದೂರಕ್ಕೆ ಅದೇ ಜಾತಿಯಲ್ಲಿ ನಾಸ್ಲರ್ ಆಕ್ಯುಬಾಂಡ್, ಫೆಡರಲ್ ಟರ್ಮಿನಲ್ ಅಸೆಂಟ್ ಇವೆ. ಇವುಗಳಲ್ಲಿ ಸೀಸ ತಾಮ್ರಕ್ಕೆ ಅಂಟಿಕೊಂಡಿರುತ್ತದೆ, ಸುಲಭಕ್ಕೆ ಬೇರೆಯಾಗುವುದಿಲ್ಲ. ಹತ್ತಿರಕ್ಕೂ ಆಯಿತು, ದೂರಕ್ಕೂ ಆಯಿತು. ಏನೂ ತೋಚದವರು ಇದನ್ನೇ ತೆಗೆದುಕೊಳ್ಳಿ, ತಪ್ಪಾಗುವುದಿಲ್ಲ.

ಮೂರನೆಯದು ಬರೀ ತಾಮ್ರ. ಸೀಸವೇ ಇಲ್ಲ. ಬಾರ್ನ್ಸ್ ಕಂಪನಿ 1989ರಲ್ಲಿ ಎಕ್ಸ್ ಬುಲೆಟ್ ತಂದಾಗ ಜನ ನಕ್ಕಿದ್ದರಂತೆ. ಈಗ ಅದರ ಮೊಮ್ಮಕ್ಕಳಾದ ಟಿಟಿಎಸ್‌ಎಕ್ಸ್, ಎಲ್‌ಆರ್‌ಎಕ್ಸ್ ಎಲ್ಲ ಅಂಗಡಿಯಲ್ಲೂ ಇವೆ. ನಾನು ಹೊಡೆದ ಒಂದು ಎಲ್ಕ್‌ನಲ್ಲಿ ಗುಂಡು ಆಚೆ ಬದಿಯ ಚರ್ಮದ ಕೆಳಗೆ ಸಿಕ್ಕಿತ್ತು. ತೊಳೆದು ಅಂಗೈ ಮೇಲೆ ಇಟ್ಟುಕೊಂಡೆ. ನಾಲ್ಕು ಎಸಳು ಹಿಂದಕ್ಕೆ ಮಡಚಿ, ಥೇಟ್ ಕೇಪಳ ಹೂವು. ಒಂದು ಎಸಳೂ ಮುರಿದಿರಲಿಲ್ಲ. ತಕ್ಕಡಿಗೆ ಹಾಕಿದರೆ 180 ಗ್ರೈನ್‌ನಲ್ಲಿ ಒಂದೆರಡು ಗ್ರೈನ್ ಕಮ್ಮಿ, ಅಷ್ಟೇ. ಗ್ರೈನ್ ಅಂದರೆ ಗುಂಡು ತೂಗುವ ಸಣ್ಣ ಅಳತೆ. ಈಗ ಅದು ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ತಾಮ್ರದ ಕಷ್ಟ ಎರಡು. ಒಂದು, ಅದಕ್ಕೆ ವೇಗ ಬೇಕು. ಸೆಕೆಂಡಿಗೆ 1,800ರಿಂದ 2,000 ಅಡಿಗಿಂತ ಕೆಳಗಿಳಿದರೆ ಸಾಮಾನ್ಯ ತಾಮ್ರದ ಗುಂಡು ಸರಿಯಾಗಿ ಅರಳುವುದಿಲ್ಲ. ದಬ್ಬಳದ ಹಾಗೆ ಸೀದಾ ತೂರಿಹೋಗುತ್ತದೆ. ಪ್ರಾಣಿ ಗಾಯ ಇಟ್ಟುಕೊಂಡು ಮೈಲಿಗಟ್ಟಲೆ ಓಡುತ್ತದೆ. ಎಲ್‌ಆರ್‌ಎಕ್ಸ್ ಈ ವಿಷಯದಲ್ಲಿ ಸ್ವಲ್ಪ ಮೇಲು. ಎರಡು, ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಬೇಕು. ಉದ್ದದ ಗುಂಡನ್ನು ನೆಟ್ಟಗೆ ಹಾರಿಸಲು ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ ಬಿಗಿಯಾಗಿರಬೇಕು. ಹಳೇ ಕೋವಿ ಇದ್ದವರು ತಾಮ್ರದಲ್ಲಿ ಒಂದು ಮೆಟ್ಟಿಲು ಹಗುರವಾದ ಗುಂಡು ತೆಗೆದುಕೊಳ್ಳುವುದು ವಾಸಿ.

ಹಾಗಾದರೆ ನಾನೇಕೆ ತಾಮ್ರ ಹಾಕುತ್ತೇನೆ? ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುತ್ತಾರೆ. ಸೀಸದ ಗುಂಡು ಬಿದ್ದ ಪ್ರಾಣಿಯ ಎಕ್ಸ್-ರೇ ನೋಡಿದ್ದೀರಾ? ಗಾಯದ ಸುತ್ತ ರಾಗಿಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕಿ. ಅದೆಲ್ಲ ಸೀಸದ ಪುಡಿ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೋರ್ ರಣಹದ್ದುಗಳು ಬೇಟೆಗಾರರು ಬಿಟ್ಟುಹೋದ ಕರುಳು ತಿಂದು ಸೀಸದ ವಿಷಕ್ಕೆ ಸಾಯುತ್ತಿದ್ದವು. ಅದೇ ದೊಡ್ಡ ಕಾರಣವಾಗಿ ಆ ರಾಜ್ಯ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಲ್ಲಿಸಿತು. ಅಲ್ಲಿ ಬೇಟೆಗೆ ಹೋಗುವವರಿಗೆ ಮೊದಲ ಎರಡು ಜಾತಿಯ ಮಾತೇ ಬೇಡ.

ಗುರಿ ಸ್ಪರ್ಧೆಯ ಗುಂಡನ್ನು ಬೇಟೆಗೆ ತರಬೇಡಿ. ಕಾಗದಕ್ಕೆ ತೂತು ಮಾಡುವುದಷ್ಟೇ ಅದರ ಕೆಲಸ. ಪೂರ್ತಿ ತಾಮ್ರದ ಅಂಗಿ ಮುಚ್ಚಿದ ಮಿಲಿಟರಿ ಗುಂಡಂತೂ ಕೊಲರಾಡೊದಲ್ಲಿ ಕಾನೂನಿಗೇ ವಿರುದ್ಧ. ದೊಡ್ಡ ಪ್ರಾಣಿಗೆ ಅರಳುವ ಗುಂಡೇ ಆಗಬೇಕು.

ಈಗ ತೋಟಾ

ಅಳತೆಗೋಲು ಅಂತ ಒಂದು ಬೇಕಲ್ಲ, .30-06 ಹಿಡಿಯೋಣ. 1906ರ ತೋಟಾ. 180 ಗ್ರೈನ್ ಗುಂಡನ್ನು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಬಿಡುತ್ತದೆ. ನೂರು ವರ್ಷದಿಂದ ಎಲ್ಕ್ ಹೊಡೆಯುತ್ತಲೇ ಇದೆ. ಆದರೆ ಮಾಮೂಲಿ ಗುಂಡು ಹಾಕಿದರೆ 500 ಗಜಕ್ಕೆ ಅದರ ಬಲ 1,500 ಅಡಿ-ಪೌಂಡ್‌ಗಿಂತ ಸ್ವಲ್ಪ ಕೆಳಗಿಳಿದಿರುತ್ತದೆ. ಅಡಿ-ಪೌಂಡ್ ಅಂದರೆ ಹೊಡೆತದ ಬಲ ಅಳೆಯುವ ಲೆಕ್ಕ. ಎಲ್ಕ್‌ಗೆ 1,500 ಇರಲಿ ಅಂತ ಇಲ್ಲಿನ ಹಳಬರ ಲೆಕ್ಕ. ಅದು ಕಾನೂನಲ್ಲ, ವಿಜ್ಞಾನವೂ ಅಲ್ಲ, ಅಂದಾಜು. ಕಾನೂನು ಕೇಳುವುದು ಇನ್ನೂ ಕಮ್ಮಿ. ಕೊಲರಾಡೊದಲ್ಲಿ ಎಲ್ಕ್‌ಗೆ ಗುಂಡು ಕನಿಷ್ಠ 85 ಗ್ರೈನ್, ದಪ್ಪ ಕನಿಷ್ಠ .24 ಇಂಚು, 100 ಗಜದಲ್ಲಿ ಬಲ 1,000 ಅಡಿ-ಪೌಂಡ್.

.300 ವಿನ್‌ಚೆಸ್ಟರ್ ಮ್ಯಾಗ್ನಮ್ 1963ರದ್ದು. .30-06ರ ಅದೇ .308 ಇಂಚು ದಪ್ಪದ ಗುಂಡು, ಹಿಂದೆ ಮದ್ದು ಜಾಸ್ತಿ. 200 ಗ್ರೈನ್ ಇಎಲ್‌ಡಿ-ಎಕ್ಸ್ ಇದರಲ್ಲಿ 2,850 ಅಡಿ ವೇಗದಲ್ಲಿ ಹೊರಡುತ್ತದೆ. 500 ಗಜಕ್ಕೆ ಹೋದಾಗಲೂ 1,950ರ ಆಸುಪಾಸು ಬಲ ಉಳಿದಿರುತ್ತದೆ. ದೋಷ ಇಲ್ಲವೇ? ಇದೆ. ತೋಟಾದ ಕೊಳವೆಯ ಕತ್ತು ಗಿಡ್ಡ. ಈಗಿನ ಉದ್ದುದ್ದ ಗುಂಡು ಹಾಕಿದರೆ ಅದರ ಬುಡ ಮದ್ದಿನ ಜಾಗಕ್ಕೆ ಇಳಿದು ಕೂರುತ್ತದೆ. ನಳಿಗೆಯ ಸುರುಳಿಯೂ ಸಾಮಾನ್ಯವಾಗಿ 10 ಇಂಚಿಗೆ ಒಂದು ಸುತ್ತು. 200, 210 ಗ್ರೈನ್‌ವರೆಗೆ ಸರಿ, ಅದಕ್ಕಿಂತ ಉದ್ದ ಹೋದರೆ ಕಷ್ಟ.

ಆ ದೋಷ ತಿದ್ದಲೆಂದೇ .300 ಪಿಆರ್‌ಸಿ ಬಂತು. 2018ರ ಹೊತ್ತಿಗೆ ಹಾರ್ನಡಿಯವರು ತಂದರು. ಉದ್ದದ ಗುಂಡಿಗೆ ಜಾಗ ಬಿಟ್ಟು, ಸುರುಳಿ ಬಿಗಿ ಮಾಡಿ ಲೆಕ್ಕ ಹಾಕಿದ ತೋಟಾ. 212 ಗ್ರೈನ್ ಗುಂಡು 2,860 ಅಡಿ ವೇಗ. ಕಾಗದದ ಮೇಲೆ ಇದೇ ಗೆದ್ದಂತೆ. ಆದರೆ ತೋಟಾ ಉದ್ದ, ಮ್ಯಾಗಜೀನ್ ಉದ್ದ ಬೇಕು, ಎಲ್ಲ ಕೋವಿಗೂ ಹೊಂದುವುದಿಲ್ಲ.

7 ಎಂಎಂ ಪಿಆರ್‌ಸಿ 2022ರ ಕೂಸು. ಗುಂಡಿನ ದಪ್ಪ .284 ಇಂಚು ಮಾತ್ರ. 175 ಗ್ರೈನ್ ಗುಂಡು 3,000 ಅಡಿ ವೇಗದಲ್ಲಿ ಹೋಗುತ್ತದೆ. 'ದೊಡ್ಡ ಕ್ಯಾಲಿಬರ್ ಕೇಳಿದರೆ ಇದನ್ಯಾಕೆ ಹೇಳ್ತೀರಿ' ಅಂತ ಹಾಸನದ ಹುಡುಗನೂ ಕೇಳಿದ್ದ. ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ. ಸ್ವಲ್ಪ ತಾಳಿ.

.338 ವಿನ್‌ಚೆಸ್ಟರ್ ಮ್ಯಾಗ್ನಮ್ 1958ರದ್ದು. 225 ಗ್ರೈನ್ ಗುಂಡು, 2,800 ಅಡಿ. ಅಲಾಸ್ಕಾದಲ್ಲಿ ಮೂಸ್, ಕಂದು ಕರಡಿ ಇರುವ ಕಡೆ ಇದಕ್ಕೆ ಬಹಳ ಮರ್ಯಾದೆ. ಹತ್ತಿರದಲ್ಲಿ ಎದುರಾದ ಭಾರೀ ಪ್ರಾಣಿಗೆ ಇದು ಸರಿ.

ಕೊನೆಗೆ .338 ಲಾಪುವಾ ಮ್ಯಾಗ್ನಮ್. 1980ರ ದಶಕದಲ್ಲಿ ಸೇನೆಯ ಗುರಿಕಾರರಿಗೆಂದು ಬೆಳೆಸಿದ ತೋಟಾ. ಹೆಸರು ಬಂದದ್ದು ಫಿನ್‌ಲೆಂಡಿನ ಲಾಪುವಾ ಕಂಪನಿಯಿಂದ. 285 ಗ್ರೈನ್ ಗುಂಡನ್ನು 2,745 ಅಡಿ ವೇಗದಲ್ಲಿ ಎಸೆಯುತ್ತದೆ. 500 ಗಜಕ್ಕೆ ಇನ್ನೂ 3,000 ಅಡಿ-ಪೌಂಡ್ ಹತ್ತಿರ ಬಲ ಇಟ್ಟುಕೊಂಡಿರುತ್ತದೆ. ಎಲ್ಕ್‌ಗೆ ಬೇಕಾದದ್ದರ ಎರಡರಷ್ಟು. ಸತ್ತ ಎಲ್ಕ್ ಇನ್ನೂ ಜಾಸ್ತಿ ಸಾಯುವುದಿಲ್ಲ ಅಲ್ವಾ?

ಗಾಳಿಯ ಲೆಕ್ಕ

ನಿಜವಾದ ಹೋಲಿಕೆ ಇಲ್ಲಿದೆ. ಗುಂಡು ಕೆಳಗೆ ಬೀಳುವುದನ್ನು ಅಳೆಯಬಹುದು. ಲೇಸರ್ ದೂರಮಾಪಕ ದೂರ ಹೇಳುತ್ತದೆ, ಕೋವಿಯ ಮೇಲಿನ ದುರ್ಬೀನಿನ ತಿರುಪು ತಿರುಗಿಸಿದರೆ ಮುಗಿಯಿತು. ಭೂಮಿಯ ಎಳೆತ ದಿನಕ್ಕೊಂದು ಥರ ಇರುವುದಿಲ್ಲ. ಗಾಳಿ ಹಾಗಲ್ಲ.

ಅಡ್ಡದಿಂದ ಗಂಟೆಗೆ 10 ಮೈಲಿ ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ಮರದ ಸಣ್ಣ ಟೊಂಗೆ ಅಲ್ಲಾಡುವಷ್ಟು, ಅಷ್ಟೇ. 500 ಗಜದಲ್ಲಿ .30-06ರ ಮಾಮೂಲಿ ಗುಂಡು ಸುಮಾರು 19 ಇಂಚು ಪಕ್ಕಕ್ಕೆ ಸರಿಯುತ್ತದೆ. .338 ವಿನ್‌ಚೆಸ್ಟರ್ 16 ಇಂಚು. .300 ವಿನ್‌ಚೆಸ್ಟರ್‌ನ 200 ಗ್ರೈನ್ 15 ಇಂಚು. .300 ಪಿಆರ್‌ಸಿ 13. 7 ಎಂಎಂ ಪಿಆರ್‌ಸಿ 12. .338 ಲಾಪುವಾ 11. ಇದು ಸಮುದ್ರಮಟ್ಟದ ಗಾಳಿಗೆ ನಾನು ಹಾಕಿದ ಲೆಕ್ಕ, ಒಂದು ಇಂಚು ಆಚೀಚೆ ಆಗಬಹುದು. 9,000 ಅಡಿ ಎತ್ತರದ ಬೆಟ್ಟದಲ್ಲಿ ಗಾಳಿ ತೆಳು, ಎಲ್ಲವೂ ಇನ್ನಷ್ಟು ಕಮ್ಮಿಯಾಗುತ್ತವೆ.

ಈಗ ಆ ಸಾಲನ್ನು ಇನ್ನೊಂದು ಸಲ ಓದಿ. ದಪ್ಪ .338 ವಿನ್‌ಚೆಸ್ಟರ್‌ಗಿಂತ ಸಪೂರ 7 ಎಂಎಂ ಗಾಳಿಗೆ ಕಮ್ಮಿ ಬಾಗುತ್ತದೆ. ಬರೀ ದಪ್ಪ ಇದ್ದರೆ ಗಾಳಿ ಕೇಳುವುದಿಲ್ಲ, ಉದ್ದ ಮತ್ತು ಮೂತಿ ಬೇಕು. ಡಬ್ಬಿಯ ಮೇಲೆ ಬಿ.ಸಿ. ಅಂತ ಒಂದು ಅಂಕೆ ಬರೆದಿರುತ್ತಾರೆ, ಗಾಳಿ ಸೀಳುವ ಗುಣಕ್ಕೆ ಕೊಟ್ಟ ಮಾರ್ಕ್ಸ್ ಅದು. 7 ಎಂಎಂನ ಆ 175 ಗ್ರೈನ್ ಗುಂಡಿಗೆ .689. .300 ವಿನ್‌ಚೆಸ್ಟರ್‌ನ 200 ಗ್ರೈನ್‌ಗೆ .597. .338 ವಿನ್‌ಚೆಸ್ಟರ್‌ನ 225 ಗ್ರೈನ್ ಆಕ್ಯುಬಾಂಡ್‌ಗೆ .550. ಕ್ಯಾಲಿಬರ್ ನೋಡುವ ಮುಂಚೆ ಈ ಅಂಕೆ ನೋಡಿ.

ಇನ್ನು 800 ಗಜಕ್ಕೆ ಹೋಗೋಣ. ಅದೇ ಗಾಳಿ. .300 ವಿನ್‌ಚೆಸ್ಟರ್ 40 ಇಂಚು ಸರಿಯುತ್ತದೆ, .338 ಲಾಪುವಾ 29. ಲಾಪುವಾ ಗೆದ್ದಿತು ಅನ್ನಿಸುತ್ತದೆ. ಆದರೆ ಗಾಳಿ 10 ಅಲ್ಲ, 5 ಅಂತ ನೀವು ತಪ್ಪು ಅಂದಾಜು ಮಾಡಿದಿರಿ ಅನ್ನಿ. 5 ಮೈಲಿ ತಪ್ಪುವುದು ದೊಡ್ಡ ವಿಷಯ ಅಲ್ಲ, ಪಳಗಿದವರೂ ತಪ್ಪುತ್ತಾರೆ. ಆಗ .300 ವಿನ್‌ಚೆಸ್ಟರ್ 20 ಇಂಚು ತಪ್ಪುತ್ತದೆ, ಲಾಪುವಾ 14–15 ಇಂಚು. ಎಲ್ಕ್‌ನ ಎದೆಗೂಡಿನ ಜಾಗ ಒಟ್ಟು ಹದಿನೈದು ಇಂಚು ಅಗಲ. ಮಧ್ಯಕ್ಕೆ ಗುರಿಯಿಟ್ಟರೆ ಎರಡು ಕಡೆಗೂ ಏಳೇಳು. ಅಂದರೆ ಎರಡೂ ಹೊಟ್ಟೆಗೆ ಬಿದ್ದವು. ದುಪ್ಪಟ್ಟು ದುಡ್ಡು ಕೊಟ್ಟು ತಂದದ್ದೂ ಕರುಳಿಗೇ ಬಿತ್ತು.

ಹಾರುವ ಸಮಯವೂ ಇದೆ. 500 ಗಜಕ್ಕೆ ಗುಂಡು ಮುಟ್ಟಲು ಸುಮಾರು 0.6 ಸೆಕೆಂಡ್. 800ಕ್ಕೆ ಒಂದು ಸೆಕೆಂಡ್ ಮೇಲೆ. ನಿಂತ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಮೂರಡಿ. ಯಾವ ತೋಟಾ ತಂದರೂ ಅದು ನಿಮ್ಮನ್ನು ಕೇಳಿ ಹೆಜ್ಜೆ ಇಡುವುದಿಲ್ಲ.

ಮೂರು ವರ್ಷದ ಹಿಂದೆ ಕ್ರೇಗ್ ಊರಿನ ಆಚೆ ಒಂದು ಕಣಿವೆಯಂಚಿನಲ್ಲಿ ಮಲಗಿದ್ದೆ. ಎದುರು ಇಳಿಜಾರಿನಲ್ಲಿ ಒಂಟಿ ಗಂಡು. ಲೇಸರ್ 618 ಗಜ ತೋರಿಸಿತು. ಎಡ ಕೆನ್ನೆಗೆ ಗಾಳಿ ತಾಗುತ್ತಿತ್ತು. ದುರ್ಬೀನಿನಲ್ಲಿ ಕಣಿವೆಯ ತಳ ನೋಡಿದೆ, ಆಸ್ಪೆನ್ ಎಲೆಗಳು ಬಲದಿಂದ ಎಡಕ್ಕೆ ಮಗುಚಿಕೊಳ್ಳುತ್ತಿವೆ. ಎಲ್ಕ್‌ನ ಕಾಲ ಬಳಿಯ ಹುಲ್ಲು ಅಲ್ಲಾಡುತ್ತಲೇ ಇಲ್ಲ. ಒಂದೇ ದಾರಿಯಲ್ಲಿ ಮೂರು ಗಾಳಿ! ಯಾವುದನ್ನು ಲೆಕ್ಕಕ್ಕೆ ಹಿಡಿಯಲಿ? ಕೋವಿ ಬೆನ್ನಿಗೆ ಹಾಕಿಕೊಂಡು ಕೆಳಗಿಳಿದೆ. ತೊರೆ ದಾಟಿ, ಹಿಂದಿನಿಂದ ಸುತ್ತಿ, ಕೊನೆಗೆ ಮೊಣಕೈ ಮೇಲೆ ತೆವಳಿ ಹತ್ತಿರ ಹೋಗಲು ಒಂದೂವರೆ ಗಂಟೆ ಹಿಡಿಯಿತು. 270 ಗಜ. ಒಂದೇ ಈಡು. ಮೂವತ್ತು ಹೆಜ್ಜೆ ನಡೆದು ಬಿತ್ತು. ಕೇಪಳ ಹೂವಿನಂಥ ಆ ಗುಂಡು ಇದೇ.

ಹೆಗಲ ಮಾತು

ಕೋವಿ ಒದೆಯುವುದನ್ನು ಗಂಡಸುತನದ ಪರೀಕ್ಷೆ ಮಾಡಿಕೊಳ್ಳಬೇಡಿ. 8 ಪೌಂಡ್ ಕೋವಿಯಲ್ಲಿ .30-06 ಸುಮಾರು 20 ಅಡಿ-ಪೌಂಡ್ ಒದೆಯುತ್ತದೆ. .300 ವಿನ್‌ಚೆಸ್ಟರ್ 25ರಿಂದ 30. .338 ವಿನ್‌ಚೆಸ್ಟರ್ 30 ದಾಟುತ್ತದೆ. ಅಷ್ಟೇ ತೂಕದ ಕೋವಿಯಲ್ಲಿ ಲಾಪುವಾ 40 ಮೀರುತ್ತದೆ.

ನಾನು ಮೊದಲು ಕೊಂಡದ್ದು .338 ವಿನ್‌ಚೆಸ್ಟರ್. ಜಂಬಕ್ಕೆ. ರೇಂಜಿನಲ್ಲಿ ಹತ್ತು ಈಡು ಹೊಡೆಯುವಷ್ಟರಲ್ಲಿ ಗುರಿ ಕೆಳಗೆ ಕೆಳಗೆ ಹೋಗುತ್ತಿತ್ತು. ದುರ್ಬೀನು ಕೆಟ್ಟಿದೆ ಅಂತ ಅಂಗಡಿಯವನ ಮೇಲೆ ರೇಗಿದೆ. ಜೊತೆಗಿದ್ದ ಗೆಳೆಯ ಏನೂ ಹೇಳಲಿಲ್ಲ. "ಕೊಡಿಲ್ಲಿ, ನಾನು ತುಂಬಿಸಿಕೊಡ್ತೀನಿ" ಅಂದ. ನನಗೆ ಗೊತ್ತಿಲ್ಲದ ಹಾಗೆ ಮದ್ದಿಲ್ಲದ ಡಮ್ಮಿ ತೋಟಾ ಹಾಕಿಕೊಟ್ಟ. ಟ್ರಿಗರ್ ಎಳೆದೆ. 'ಟಿಕ್' ಅಂತ ಸದ್ದು. ನಳಿಗೆ ಮಾತ್ರ ಮೂರಿಂಚು ಕೆಳಗೆ ಕುಕ್ಕಿತ್ತು, ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಗೆಳೆಯ ನಗಲಿಲ್ಲ, ಅದೇ ಜಾಸ್ತಿ ನೋವಾಯಿತು. ಆ ಕೋವಿಯನ್ನು ಆ ಚಳಿಗಾಲದಲ್ಲೇ ಮಾರಿದೆ.

ನೀವೂ ಈ ಪರೀಕ್ಷೆ ಮಾಡಿಸಿಕೊಳ್ಳಿ. ಡಮ್ಮಿ ತೋಟಾಕ್ಕೆ ಬೆದರುವ ಹೆಗಲಿದ್ದರೆ ಕ್ಯಾಲಿಬರ್ ಒಂದು ಮೆಟ್ಟಿಲು ಇಳಿಸಿ.

ನಳಿಗೆಯ ತುದಿಗೆ ಮಝಲ್ ಬ್ರೇಕ್, ಅಂದರೆ ಹೊಗೆಗಾಳಿಯನ್ನು ಪಕ್ಕಕ್ಕೆ ಬಿಡುವ ತೂತಿನ ತುದಿ, ಹಾಕಿದರೆ ಒದೆತ ಅರ್ಧಕ್ಕೆ ಇಳಿಯಬಹುದು. ಆದರೆ ಸದ್ದು ಪಕ್ಕಕ್ಕೆ, ಹಿಂದಕ್ಕೆ ತಿರುಗಿ ಬಡಿಯುತ್ತದೆ. ಕಿವಿಮುಚ್ಚಿಗೆ ಇಲ್ಲದೆ ಒಂದೇ ಈಡು ಸಾಕು ಕಿವಿ ಹಾಳಾಗಲು. ಕೋವಿಯ ತೂಕ ಏರಿಸುವುದು ಇನ್ನೊಂದು ಉಪಾಯ. 14 ಪೌಂಡ್‌ನ ಲಾಪುವಾ ಒರಗಿಸಿಕೊಂಡು ಹೊಡೆಯಲು ಹಾಯಾಗಿರುತ್ತದೆ. ಅದನ್ನು 10,000 ಅಡಿ ಎತ್ತರಕ್ಕೆ ಹೊತ್ತು ನೋಡಿ! ಪಶ್ಚಿಮದ ಇನ್ನೊಂದು ರಾಜ್ಯ ಐಡಾಹೊದಲ್ಲಂತೂ ದುರ್ಬೀನು, ಪಟ್ಟಿ ಎಲ್ಲ ಸೇರಿ 16 ಪೌಂಡ್ ಮೀರಿದ ಕೋವಿಯಲ್ಲಿ ದೊಡ್ಡ ಪ್ರಾಣಿ ಹೊಡೆಯುವ ಹಾಗೇ ಇಲ್ಲ.

ಅಂಗಡಿಯಲ್ಲಿ ಸಿಗುತ್ತಾ?

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ನನ್ನ ಪರಿಚಯದವರೊಬ್ಬರು 28 ನಾಸ್ಲರ್ ಇಟ್ಟುಕೊಂಡಿದ್ದರು. 2015ರ ತೋಟಾ, ಬಹಳ ವೇಗ, ನಳಿಗೆ ಬೇಗ ಸವೆಯುತ್ತದೆ ಅನ್ನುವುದು ಬಿಟ್ಟರೆ ಒಳ್ಳೆಯದೇ. ವಿಮಾನದಲ್ಲಿ ಬಂದರು. ಕೋವಿ ಬಂತು, ತೋಟಾ ಇದ್ದ ಪೆಟ್ಟಿಗೆ ಬೇರೆ ಊರಿಗೆ ಹೋಯಿತು. ಮರುದಿನ ಬೆಳಿಗ್ಗೆ ಸೀಸನ್. ಊರಿನ ಮೂರೂ ಅಂಗಡಿ ಸುತ್ತಿದೆವು. .30-06 ಗುಡ್ಡೆ ಬಿದ್ದಿದೆ. .300 ವಿನ್‌ಚೆಸ್ಟರ್ ನಾಲ್ಕು ಬಗೆ ಇದೆ. 28 ನಾಸ್ಲರ್ ಕೇಳಿದರೆ ಅಂಗಡಿಯ ಅಜ್ಜ ಕನ್ನಡಕ ಮೇಲೆತ್ತಿ ನೋಡಿದ. ಐದು ದಿನದ ರಜೆಯಲ್ಲಿ ಎರಡು ದಿನ ಪೆಟ್ಟಿಗೆ ಕಾಯುವುದರಲ್ಲೇ ಹೋಯಿತು.

ಹಳ್ಳಿ ಅಂಗಡಿಯ ಲೆಕ್ಕದಲ್ಲಿ .30-06 ಮೊದಲು, .300 ವಿನ್‌ಚೆಸ್ಟರ್ ಮತ್ತು 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ಅದರ ಹಿಂದೆ. ಪಿಆರ್‌ಸಿ ತೋಟಾಗಳು ಈಗೀಗ ಕಾಣಿಸುತ್ತಿವೆ. ಲಾಪುವಾ ಸಿಕ್ಕರೂ ಒಂದೊಂದು ಈಡಿಗೆ ಐದಾರು ಡಾಲರ್. .300 ವಿನ್‌ಚೆಸ್ಟರ್ ಅದರ ಅರ್ಧ. ದುಬಾರಿ ತೋಟಾ ಇದ್ದವನು ಅಭ್ಯಾಸ ಕಮ್ಮಿ ಮಾಡುತ್ತಾನೆ. ಇದು ನಾನು ಕಣ್ಣಾರೆ ಕಂಡದ್ದು.

ಹಾಗಾದರೆ ಯಾರಿಗೆ ಯಾವುದು?

ಮನೆಯಲ್ಲಿ ಈಗಾಗಲೇ .30-06 ಇದ್ದರೆ ಹೊಸ ಕೋವಿಯ ಖರ್ಚೇ ಬೇಡ. ಒಳ್ಳೆಯ ಗುಂಡು ಹಾಕಿ, 350 ಗಜದ ಒಳಗೆ ಇರಿ.

ಹೊಸದಾಗಿ ಕೊಳ್ಳುವವರಿಗೆ, 500 ಗಜದ ಒಳಗಿನ ಎಲ್ಕ್‌ಗೆ ನನ್ನ ಮೊದಲ ಆಯ್ಕೆ .300 ವಿನ್‌ಚೆಸ್ಟರ್. ಎಲ್ಲಾ ಕಡೆ ಸಿಗುತ್ತದೆ, ಎಲ್ಲಾ ಜಾತಿ ಗುಂಡೂ ಇದೆ. ಹೆಗಲು ಸಣ್ಣದು, ಅಥವಾ ಹೆಂಡತಿಯೂ ಅದೇ ಕೋವಿ ಬಳಸುತ್ತಾರೆ ಅಂದರೆ 7 ಎಂಎಂ ಪಿಆರ್‌ಸಿ. ಇವತ್ತು ನಾನು ಹೊಸದಾಗಿ ಶುರು ಮಾಡುವುದಾದರೆ ಬಹುಶಃ ಇದನ್ನೇ ಕೊಳ್ಳುತ್ತಿದ್ದೆ, ನಾಲ್ಕು ಡಬ್ಬಿ ಜಾಸ್ತಿಯೇ ಇಟ್ಟುಕೊಳ್ಳುತ್ತಿದ್ದೆ. .300 ಪಿಆರ್‌ಸಿ ಯಾರಿಗೆ? ವರ್ಷವಿಡೀ ರೇಂಜಿನಲ್ಲಿ ಸಾವಿರ ಗಜ ಹೊಡೆದು, ಅದೇ ಕೋವಿಯನ್ನು ಬೇಟೆಗೂ ಒಯ್ಯುವವರಿಗೆ. .338 ವಿನ್‌ಚೆಸ್ಟರ್ ಅಲಾಸ್ಕಾಕ್ಕೆ ಹೋಗುವವರಿಗೆ. ಲಾಪುವಾ ಉಕ್ಕಿನ ತಟ್ಟೆಗೆ ಹೊಡೆದು 'ಟಣ್' ಅನ್ನಿಸುವ ಖುಷಿಗೆ ಚೆನ್ನ, ಬೇಟೆಗೆ ಬೇಡ.

ನಿಮ್ಮ ದೂರ ಎಷ್ಟು ಅಂತ ತಿಳಿಯಲು ಒಂದು ದಾರಿ ಇದೆ. ಊಟದ ತಟ್ಟೆಯಷ್ಟು, ಅಂದರೆ 10 ಇಂಚಿನ ಗುರಿ ಇಡಿ. ಬೆಂಚು ಬೇಡ. ನೂರು ಗಜ ಓಡಿಬನ್ನಿ, ಏದುಸಿರಿನಲ್ಲೇ ನೆಲಕ್ಕೆ ಮಲಗಿ ಅಥವಾ ಕೂತು ಹೊಡೆಯಿರಿ. ಗಾಳಿ ಇರುವ ದಿನ. ಐದಕ್ಕೆ ಐದೂ ಬೀಳುವ ದೂರವೇ ನಿಮ್ಮ ದೂರ. ಬೆಂಚಿನ ಮೇಲೆ 600 ಹೊಡೆಯುವ ನಾನು ಹೀಗೆ 400ಕ್ಕೆ ನಿಂತೆ. ತೋಟಾ ಬದಲಿಸಿ ನೋಡಿದೆ, ಆ 400 ಹೆಚ್ಚುಕಮ್ಮಿ ಅಷ್ಟೇ ಉಳಿಯಿತು.

ಕಾಗದಪತ್ರದ ಒಂದು ಮಾತು ಬಾಕಿ ಇದೆ, ನಮ್ಮವರು ಎಡವುವುದು ಇಲ್ಲೇ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿರುವವರು ಅಮೆರಿಕದಲ್ಲಿ ಕೋವಿ ಇಟ್ಟುಕೊಳ್ಳುವುದಾಗಲಿ, ತೋಟಾ ಇಟ್ಟುಕೊಳ್ಳುವುದಾಗಲಿ ಕೇಂದ್ರ ಕಾನೂನಿನಲ್ಲಿ ಸಾಮಾನ್ಯವಾಗಿ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿದಂತೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾದವರು ಅಂಗಡಿಗೆ ಹೋಗುವ ಮುಂಚೆ ವಕೀಲರನ್ನು ಕೇಳಿ. ಕೊಲರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಬೇಟೆ ತರಬೇತಿಯ ಕಾರ್ಡ್ ಕಡ್ಡಾಯ. ಮೈಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ತಲೆಗೂ ಅದೇ ಬಣ್ಣದ ಟೋಪಿ.

ಹಾಸನದ ಹುಡುಗ ಕೊನೆಗೆ .300 ವಿನ್‌ಚೆಸ್ಟರ್ ತೆಗೆದುಕೊಂಡ. ಲಾಪುವಾಕ್ಕೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಹತ್ತು ಡಬ್ಬಿ ತೋಟಾ, ಒಂದು ದೂರಮಾಪಕ ಬಂತು. ಒಂದೇ ಲಾಟ್ ನಂಬರಿನ, ಅಂದರೆ ಒಟ್ಟಿಗೆ ತಯಾರಾದ, ಡಬ್ಬಿ ತಗೋ ಅಂದಿದ್ದೆ, ಹಾಗೇ ಮಾಡಿದ. ಸೆಪ್ಟೆಂಬರ್ ಪೂರ್ತಿ ಶನಿವಾರ ಶನಿವಾರ ರೇಂಜಿಗೆ ಹೋದ. ಸೀಸನ್‌ನ ನಾಲ್ಕನೇ ದಿನ ಫೋನ್ ಬಂತು. 190 ಗಜದಲ್ಲಿ ಒಂದು ಹೆಣ್ಣು ಎಲ್ಕ್. ತೋಟಾದ ವಿಷಯ ಅವನು ಎತ್ತಲೇ ಇಲ್ಲ.

"ಅಣ್ಣಾ, ಇದನ್ನ ನಾಲ್ಕು ಮೈಲಿ ಹೊತ್ಕೊಂಡ್ ಹೋಗ್ಬೇಕಲ್ಲ, ನೀವು ಯಾವ ಶೂ ಹಾಕ್ತೀರಾ?"